ಡಾಬಕಾದ ಜ್ವರ ಹೊತ್ತು ಟ್ರಿಯೆಸ್ಟೆಗೆ

ಮನುಷ್ಯಕುಲವು ಸೃಷ್ಟಿಯ ಆದಿಯಿಂದಲೂ ವ್ಯಾಧಿಯ ವಿರುದ್ಧ ಸಮರ ಸಾರಿಕೊಂಡು ಬಂದಿದೆ; ಆ ಸಮರಕ್ಕೆ ಪ್ರತಿಯೊಂದು ತಲೆಮಾರೂ ತನ್ನ ಯೋಧರನ್ನು ದೂರದೇಶಗಳಿಗೆ ಕಳಿಸಿಕೊಟ್ಟಿದೆ. ನಮ್ಮ ತಲೆಮಾರು ನನ್ನನ್ನು ಕಳಿಸಿತು. ಸಮರದ ಸ್ಥಿತಿ ಹೇಗಿದೆ ಎಂಬುದನ್ನು ಇದರಿಂದಲೇ ಓದುಗರು ಊಹಿಸಿಕೊಳ್ಳಬಹುದು.

ನಾನು ಬೀದರ ಹತ್ತಿರದ ಕೊಳಾರದ ಒಂದು ಔಷಧ ಕಾರ್ಖಾನೆಯಲ್ಲಿ ತಲೆಯ ಕೂದಲೆಲ್ಲ ಹೋಗುವ ತನಕ ರಸಾಯನ ಬೇಯಿಸಿ, ಹೋಗಲು ಇನ್ನೇನೂ ಉಳಿಯದಾದಾಗ ನಿವೃತ್ತನಾದವನು. ನನ್ನನ್ನು ಈ ಪ್ರವಾಸಕ್ಕೆ ಎಳೆದವಳು ಸುಜಾತಾ. ಚಿಂತಾಕಿಯ ಹುಡುಗಿ, ಹಿಂದೆ ನಮ್ಮ ಮನೆಗೆ ಕೆಮಿಸ್ಟ್ರಿ ಹೇಳಿಸಿಕೊಳ್ಳಲು ಬರುತ್ತಿದ್ದಳು. ಈಗ ಬೀದರಿನ ಕಾಲೇಜೊಂದರಲ್ಲಿ ಪಾಠ ಮಾಡುತ್ತಾಳೆ, ಉಳಿದ ಹೊತ್ತು ವೈರಸ್ಸಿನ ಬೆನ್ನು ಹತ್ತಿದ್ದಾಳೆ.

ಅದಕ್ಕೆ ಕಾರಣ ಇದೆ. ಅವಳ ಅಕ್ಕ ಶಾಂತಾಬಾಯಿಯನ್ನು ಔರಾದ ತಾಲೂಕಿನ ಡಾಬಕಾಕ್ಕೆ ಕೊಟ್ಟಿದ್ದಾರೆ. ಎರಡು ಮಳೆಗಾಲದ ಹಿಂದೆ ಶಾಂತಾಬಾಯಿಯ ಮಗ ಆನಂದ ಬೆಳಿಗ್ಗೆ ಎದ್ದು, ಸಾಲಿಗೆ ಹೋಗಲ್ಲ, ತಲಿ ನೋಯ್ತದ ಅಂದ. ಮಧ್ಯಾಹ್ನ ಕೈಕಾಲು ಸೆಟೆದುಕೊಂಡವು. ಔರಾದ ಆಸ್ಪತ್ರೆಯವರು ಕೂಡಲೇ ಬೀದರಿಗೆ ಒಯ್ಯಿರಿ ಅಂದರು. ಹುಡುಗ ಬೀದರ ಮುಟ್ಟಲಿಲ್ಲ.

ಅದು ಮರಳುನೊಣ ತರುವ ಮೆದುಳುಜ್ವರ. ನೊಣ ಸೊಳ್ಳೆಗಿಂತ ಸಣ್ಣದು, ಮಣ್ಣಿನ ಗೋಡೆಯ ಬಿರುಕಿನಲ್ಲಿ ಇರುತ್ತದೆ. ಜ್ವರಕ್ಕೆ ಔಷಧ ಇಲ್ಲ. ಮೈ ತಣ್ಣಗೆ ಮಾಡುತ್ತಾರೆ, ಸಲೈನ್ ಹಚ್ಚುತ್ತಾರೆ, ಕಾಯುತ್ತಾರೆ. ಶಾಂತಾಬಾಯಿಗೆ ಉಳಿದವಳು ಒಬ್ಬ ಮಗಳು, ಗೌತಮಿ, ಇನ್ನೂ ಅಂಗನವಾಡಿಗೆ ಹೋಗುವ ಕೂಸು. ಮನೆಯೂ ಅದೇ, ಗೋಡೆಯೂ ಅದೇ. ಮತ್ತೊಂದು ಮಳೆಗಾಲ ದೂರವಿರಲಿಲ್ಲ.

ಬೀದರ

ತನ್ನ ವಿದ್ಯೆಯನ್ನು ಸುಜಾತಾ ನನಗೆ ಕಂಪ್ಯೂಟರ್ ಮುಂದೆ ಕೂರಿಸಿ ತಿಳಿಸಿದಳು. ವೈರಸ್ಸು ಮೈಯೊಳಗೆ ಹೊಕ್ಕು ತನ್ನ ಪ್ರತಿಗಳನ್ನು ತೆಗೆಯಬೇಕಾದರೆ ಅದಕ್ಕೊಂದು ಯಂತ್ರ ಬೇಕು. ಆ ಯಂತ್ರವೇ ಒಂದು ಪ್ರೋಟೀನು. ಪ್ರೋಟೀನಿನ ಮೈಮೇಲೆ ಒಂದು ಕುಳಿ. ಆ ಕುಳಿಯಲ್ಲಿ ಏನಾದರೂ ಗಟ್ಟಿಯಾಗಿ ಕೂತುಬಿಟ್ಟರೆ ಯಂತ್ರ ಬಂದ್. ಪ್ರೋಟೀನಿನ ಆಕಾರ ಮೊದಲೇ ತಿಳಿದಿದೆ. ಅದನ್ನು ಪರದೆಯ ಮೇಲೆ ಇಟ್ಟುಕೊಂಡು ಸಾವಿರಾರು ಅಣುಗಳನ್ನು ಒಂದೊಂದಾಗಿ ಕುಳಿಗೆ ಕೂರಿಸಿ ನೋಡುವುದು ಕಂಪ್ಯೂಟರಿನ ಕೆಲಸ.

"ಬಿದರಿ ಸಾಮಾನು ಮಾಡೂದು ನೋಡಿರಲ್ರಿ ಸರ್," ಅಂದಳು. "ಉಳಿಲೆ ಗೀರು ಕೆತ್ತಿ ಬೆಳ್ಳಿ ತಂತಿ ಕೂಡಸ್ತಾರ. ನಂದೂ ಅದೇ ಧಂದಾ. ಗೀರು ಮೊದ್ಲೇ ಅದ, ತಂತಿ ಹುಡುಕ್ಬೇಕು ಅಷ್ಟೇ."

ಪರದೆಯ ಮೇಲೆ ಬೂದು ಬಣ್ಣದ ಗುಡ್ಡದಂಥದ್ದೇನೋ ತಿರುಗುತ್ತಿತ್ತು. ಅದರ ತುಂಬ ಕೆಂಪು ಚುಕ್ಕೆಗಳು.

"ಮೈಮ್ಯಾಲ ದಡಾರ ಎದ್ದಂಗ ಅದಲ್ಲವಾ, ಅದೇನು?" ಅಂದೆ.

"ನೀರ್ರಿ. ಒಂದೊಂದು ಚುಕ್ಕಿ ಒಂದೊಂದು ನೀರಿನ ಅಣು. ಲೆಕ್ಕಾ ಹಚ್ಚೂ ಮೊದಲ ಅಳಿಸಿಬಿಡ್ತೇವಿ. ಎಲ್ಲಾರೂ ಅಳಸ್ತಾರ. ತಂತಿ ಕೂಡಸೂ ಮೊದಲ ಬಿದರಿಯವರು ಗೀರಿನಾಗಿನ ಧೂಳಾ ಊದ್ತಾರಲ್ರಿ, ಹಂಗ."

ಒಂದು ಕೀಲಿ ಒತ್ತಿದಳು. ಚುಕ್ಕೆಗಳೆಲ್ಲ ಹೋದವು. ನೀರು ಕಣ್ಣೆದುರಿಗೇ ಮಾಯವಾಗುವುದು ನಮ್ಮ ಜಿಲ್ಲೆಯವರಿಗೆ ಹೊಸದಲ್ಲ. ನಾನು ಮುಂದೆ ಏನೂ ಕೇಳಲಿಲ್ಲ.

ಕಂಪ್ಯೂಟರು ಆರಿಸಿಕೊಟ್ಟ ಅಣುವನ್ನು ಬೇಯಿಸಿ ಕೊಟ್ಟವನು ನಾನು. ನೋಡಲಿಕ್ಕೆ ಅಡುಗೆ ಸೋಡಾ, ತಯಾರಿಸಲಿಕ್ಕೆ ಹೆರಿಗೆ. ಗಾಜಿನ ನಳಿಕೆಯಲ್ಲಿ ಪರೀಕ್ಷೆ ಮಾಡಿದರೆ ಅದು ಅರ್ಧ ಹೌದು ಅಂದಿತು, ಅರ್ಧ ಅಲ್ಲ ಅಂದಿತು. ಪೂರ್ತಿ ತಿಳಿಯಬೇಕೆಂದರೆ ಒಂದೇ ದಾರಿ. ಪ್ರೋಟೀನನ್ನು ಸಕ್ಕರೆಯಂತೆ ಹರಳುಗಟ್ಟಿಸಿ, ಹರಳನ್ನು ನಮ್ಮ ಪುಡಿಯ ನೀರಿನಲ್ಲಿ ನೆನೆಸಿ, ಅತಿ ತೀಕ್ಷ್ಣವಾದ ಎಕ್ಸ್‌ರೇ ಬೆಳಕಿಗೆ ಹಿಡಿಯಬೇಕು. ಆಗ ಕುಳಿಯಲ್ಲಿ ಯಾರು ಕೂತಿದ್ದಾರೆ ಎಂಬುದು ಕಾಣುತ್ತದೆ. ಇಟಲಿಯ ಟ್ರಿಯೆಸ್ಟೆ ಎಂಬ ಊರಿನ ಪ್ರಯೋಗಾಲಯವೊಂದು ನಮಗೆ ಒಂದು ಹಗಲಿನ ಬೆಳಕು ಕೊಡಲು ಒಪ್ಪಿತು. ಬೆಳಕಿಗೂ ಪಾಳಿ ಹಚ್ಚಬೇಕಾದ ಕಾಲ ಬಂದಿದೆ ಎಂದು ನಾನು ಗಂಭೀರವಾಗಿ ನಿಟ್ಟುಸಿರು ಬಿಟ್ಟು ಪಾಸ್‌ಪೋರ್ಟ್ ಹುಡುಕಿದೆ.

ಭಾಲ್ಕಿ

ಹರಳುಗಳು ಕಣ್ಣಿಗೆ ಕಾಣದಷ್ಟು ಸಣ್ಣವು, ಆದರೆ ಅವುಗಳ ಸವಾರಿಗೆ ಬೇಕಾದ ಪಾತ್ರೆ ಹಾಲಿನ ಕ್ಯಾನಿನಷ್ಟು ದೊಡ್ಡದು. ಒಳಗೆ ದ್ರವ ಸಾರಜನಕ ಹೀರಿಕೊಂಡು ಕೊರೆಯುತ್ತಿರಬೇಕು. ಆ ವಾರ ಬೀದರಿನಲ್ಲಿ ಸಾರಜನಕ ಸಿಗಲಿಲ್ಲ. ಭಾಲ್ಕಿಯಲ್ಲಿ ಒಬ್ಬಾತನ ಹತ್ತಿರ ಇದೆ ಎಂದರು. ಆತ ಆಕಳುಗಳಿಗೆ ಸೂಜಿ ಮಾಡುವವನು, ಹೋರಿಯ ಬೀಜವನ್ನು ಇಂಥದೇ ಡಬ್ಬಿಯಲ್ಲಿ ಇಟ್ಟುಕೊಂಡು ಮೋಟಾರ್ ಸೈಕಲ್ಲಿನ ಮೇಲೆ ಹಳ್ಳಿ ತಿರುಗುತ್ತಾನೆ.

ನಮ್ಮ ಡಬ್ಬಿಯನ್ನು ಮೆಚ್ಚುಗೆಯಿಂದ ನೋಡಿ ಕೇಳಿದ: "ಯಾವ ತಳಿರಿ ಸರ? ದೇವಣಿನೋ ಜರ್ಸಿನೋ?"

"ಇದು ತಳಿ ಅಲ್ಲಪಾ, ವೈರಸ್ಸಿನ ಪ್ರೋಟೀನು."

"ಹಾಲು ಎಷ್ಟು ಕೊಡ್ತದರಿ?"

ಸುಜಾತಾ ನಕ್ಕದ್ದನ್ನು ಆ ಪ್ರವಾಸದಲ್ಲಿ ನಾನು ಕಂಡದ್ದು ಅದೇ ಮೊದಲು. ಅಲ್ಲಿಗೆ ಶಾಂತಾಬಾಯಿಯೂ ಬಂದಿದ್ದಳು, ಗೌತಮಿಯನ್ನು ಸೊಂಟದ ಮೇಲೆ ಕೂರಿಸಿಕೊಂಡು, ಖಡಕ್ ರೊಟ್ಟಿ ಮತ್ತು ಶೇಂಗಾ ಹಿಂಡಿಯ ಗಂಟು ಹಿಡಿದು. ಹೊಗೆಯಾಡುತ್ತಿದ್ದ ಡಬ್ಬಿಯ ಹತ್ತಿರ ಬಂದು, ಮುಟ್ಟದೆ, ಬಗ್ಗಿ ನೋಡಿದಳು.

"ಔಷಧ ಇದ್ರಾಗೇ ಅದೇನ್ರಿ ಸರ್?"

"ಔಷಧ ಹೌದೋ ಅಲ್ಲೋ ಅಂತ ನೋಡ್ಲಿಕ್ಕೆ ಹೊಂಟೇವವ್ವ."

"ಹೌದಾಗ್ತದ ತಗೋರಿ," ಅಂದಳು, ನನಗೇ ಧೈರ್ಯ ಹೇಳುವವಳಂತೆ. "ಮಿರಗ ಕೂಡೂದ್ರಾಗ ಬರ್ರಿ. ನಾ ಬ್ಯಾರೆ ಏನೂ ಕೇಳೂದಿಲ್ಲ."

ಮಿರಗ ಅಂದರೆ ಮೃಗಶಿರಾ ಮಳೆ. ಗೌತಮಿ ಡಬ್ಬಿಗೆ ಟಾಟಾ ಮಾಡಿದಳು.

ವಿಮಾನದ ಬಾಗಿಲುಗಳಲ್ಲಿ

ದೇಶದೇಶಗಳ ಕಸ್ಟಮ್ಸ್ ಅಧಿಕಾರಿಗಳು ಭಾಷೆ ಬೇರೆಯಾದರೂ ಒಂದೇ ಕುಲದವರು. ನಮ್ಮ ಡಬ್ಬಿಯನ್ನು ಎಲ್ಲರೂ ಸುತ್ತುವರಿದು ನಿಂತರು. ಸುಜಾತಾಳ ಕಾಗದಗಳನ್ನು ತಿರುವಿ ಹಾಕಿದರು. ಕೊನೆಗೆ ಅದನ್ನು ಬಿಟ್ಟು ಶೇಂಗಾ ಹಿಂಡಿಯನ್ನು ಹಿಡಿದರು. ಕೆಂಪು ಪುಡಿ, ಗುರುತಿಲ್ಲದ್ದು, ಬಟ್ಟೆಯಲ್ಲಿ ಕಟ್ಟಿದ್ದು. ಒಬ್ಬ ಯುರೋಪಿಯನ್ ಅಧಿಕಾರಿ ಕರ್ತವ್ಯನಿಷ್ಠೆಯಿಂದ ಬೆರಳು ಅದ್ದಿ ನಾಲಗೆಗೆ ಮುಟ್ಟಿಸಿಕೊಂಡ. ಅವನ ಕಣ್ಣುಗಳು ತುಂಬಿ ಬಂದವು. ಗಂಟು ಕಟ್ಟಿ ವಾಪಸ್ ಕೊಟ್ಟ. ವೈರಸ್ಸಿನ ಪ್ರೋಟೀನಿಗೆ ಯಾರೂ ನಾಲಗೆ ಹಚ್ಚಲಿಲ್ಲ ಎಂಬುದು ನಮ್ಮ ಪುಣ್ಯ.

ಟ್ರಿಯೆಸ್ಟೆಯಲ್ಲಿ ಇಳಿದು ಸಾಮಾನು ಬರುವ ಪಟ್ಟಿಯ ಮುಂದೆ ನಿಂತೆವು. ಸದಾ ನೆಟ್ಟಗೆ ನಿಲ್ಲಿಸಬೇಕು ಎಂದು ನಾಲ್ಕು ಕಡೆ ಬಾಣದ ಗುರುತು ಹಚ್ಚಿದ್ದ ಡಬ್ಬಿ ಮಲಗಿಕೊಂಡು ಉರುಳಾಡುತ್ತ ಬಂತು. ಸುಜಾತಾ ಓಡಿಹೋಗಿ ಅದನ್ನು ಎತ್ತಿ ನಿಲ್ಲಿಸಿ, ಮುಚ್ಚಳದ ಹತ್ತಿರ ಕೆನ್ನೆ ಹಿಡಿದಳು. "ಥಂಡಿ ಅದರಿ ಸರ್, ಇನ್ನೂ ಥಂಡಿ ಅದ." ಹತ್ತಿರ ನಿಂತಿದ್ದ ಒಬ್ಬ ಹೆಂಗಸು ತನ್ನ ಮಕ್ಕಳನ್ನು ದೂರ ಎಳೆದುಕೊಂಡಳು.

ಟ್ರಿಯೆಸ್ಟೆ: ಗಾಳಿ

ಈ ಊರಿನಲ್ಲಿ ಒಂದು ಗಾಳಿ ಇದೆ, ಅದಕ್ಕೆ ಬೋರಾ ಎಂದು ಹೆಸರು. ಹಿಂದೆ ಅದು ಬೀಸುವಾಗ ಮಂದಿ ಹಿಡಿದುಕೊಂಡು ನಡೆಯಲಿ ಎಂದು ಬೀದಿಯುದ್ದಕ್ಕೂ ಹಗ್ಗ ಕಟ್ಟುತ್ತಿದ್ದರಂತೆ. ನಾವು ಹೋದಾಗ ಹಗ್ಗ ಇರಲಿಲ್ಲ, ಗಾಳಿ ಇತ್ತು. ಕಸದ ಡಬ್ಬಿಗಳಲ್ಲಿ ಮುರಿದ ಛತ್ರಿಗಳು ಕಾಲು ಮೇಲೆ ಮಾಡಿ ಸತ್ತ ಬಾವಲಿಗಳಂತೆ ತುಂಬಿದ್ದವು. ನನ್ನದೂ ಒಂದು ಅಲ್ಲೇ ಸದ್ಗತಿ ಹೊಂದಿತು.

ಕಾಫಿಯ ವಿಷಯದಲ್ಲಿ ಇವರದು ಬೇರೆಯೇ ಶಾಸ್ತ್ರ. ಕ್ಯಾಪುಚಿನೊ ಕೇಳಿದರೆ ಎರಡು ಗುಟುಕಿನ ಕಪ್ಪು ಕಾಫಿಯ ಮೇಲೆ ಹಾಲಿನ ಒಂದು ತೊಟ್ಟು ಬಿಟ್ಟು ಕೊಡುತ್ತಾರೆ. ಲೋಟ ತುಂಬ ಹಾಲಿನದು ಬೇಕಾದರೆ ಬೇರೆ ಹೆಸರು ಹೇಳಬೇಕು, ಆ ಹೆಸರು ಇಟಲಿಯ ಬೇರೆ ಊರಲ್ಲಿ ನಡೆಯುವುದಿಲ್ಲ. ನಿಂತೇ ಕುಡಿಯಬೇಕು. ಬೀದರಿನ ಚಹಾದಂಗಡಿಯಲ್ಲಿ ಒಂದು ಕಟ್ ಚಹಾಕ್ಕೆ ಲೋಕದ ರಾಜಕಾರಣ ಮುಗಿಸಿ ಎದ್ದು ಅಭ್ಯಾಸವಿರುವ ನನಗೆ ಇದು ಔಷಧ ಕುಡಿದಂತೆ ಅನಿಸಿತು.

ನಾವು ಇಳಿದುಕೊಂಡದ್ದು ಲಿಡಿಯಾ ಎಂಬ ವಿಧವೆ ಮುದುಕಿಯ ಮನೆಯಲ್ಲಿ. ಆಕೆಗೆ ಇಂಗ್ಲಿಷ್ ಬರುತ್ತಿರಲಿಲ್ಲ, ತನ್ನ ಮೊಬೈಲಿಗೆ ಇಟಾಲಿಯನ್ ಹೇಳುತ್ತಿದ್ದಳು, ಮೊಬೈಲು ನಮಗೆ ಇಂಗ್ಲಿಷ್ ಹೇಳುತ್ತಿತ್ತು. ಶೇಂಗಾ ಹಿಂಡಿಯನ್ನು ಬ್ರೆಡ್ಡಿಗೆ ಹಚ್ಚಿ ತಿಂದು, ಬೆವರು ಒರೆಸಿಕೊಂಡು, ಇನ್ನಷ್ಟು ಕೇಳಿದಳು. ಯಾಕೆ ಬಂದಿರಿ ಎಂದಳು. ಸುಜಾತಾ ಆನಂದನ ಸುದ್ದಿ ಹೇಳಿದಳು. ಮೊಬೈಲು ಅದನ್ನು ಇಟಾಲಿಯನ್ನಿನಲ್ಲಿ, ರೈಲಿನ ವೇಳೆ ಹೇಳುವ ದನಿಯಲ್ಲಿ ಓದಿತು. ಲಿಡಿಯಾ ಮೊಬೈಲನ್ನು ಮೇಜಿನ ಮೇಲೆ ಬೋರಲು ಹಾಕಿ, ಸುಜಾತಾಳ ಕೈ ಹಿಡಿದು ಕೂತಳು.

ಮರುದಿನ ಮುಂಜಾನೆ ಹೊರಡುವಾಗ ಸುಜಾತಾ, "ಇವತ್ತು ಕಂಡೇ ಕಾಣ್ತದ," ಅಂದಳು. ಮೊಬೈಲು ಅನುವಾದ ಮಾಡಿದ್ದೇ ತಡ, ಮುದುಕಿ ಗಾಬರಿಯಿಂದ ಬಾಗಿಲ ಕೀಲಿಕೈಯನ್ನು ಮುಟ್ಟಿದಳು; ಸುಜಾತಾಳ ಬೆರಳನ್ನೂ ಹಿಡಿದು ಮುಟ್ಟಿಸಿದಳು. ಇನ್ನೂ ಆಗದೆ ಇರುವ ಒಳ್ಳೆಯದನ್ನು ಬಾಯಲ್ಲಿ ಆಡಿದರೆ, ಅದು ಕೆಡದಿರಲೆಂದು ಇವರು ಕಬ್ಬಿಣ ಮುಟ್ಟಬೇಕಂತೆ.

ಗುಡ್ಡದ ಮೇಲೆ

ಪ್ರಯೋಗಾಲಯ ಊರಿನ ಮೇಲಿನ ಗುಡ್ಡದ ಬಯಲಿನಲ್ಲಿದೆ. ನಮ್ಮನ್ನು ಕಾರಿನಲ್ಲಿ ಕರೆದೊಯ್ದವನು ಅಲ್ಲಿನ ವಿಜ್ಞಾನಿ ಮಾರ್ಕೊ, ನಿಧಾನದ ಮನುಷ್ಯ. ದಾರಿಯಲ್ಲಿ ಎಲ್ಲೆಲ್ಲೂ ಸುಣ್ಣದ ಕಲ್ಲು, ಹಳ್ಳಕೊಳ್ಳ ಒಂದೂ ಇಲ್ಲ. ಹೊಳೆಗಳೆಲ್ಲ ಎಲ್ಲಿ ಎಂದು ಕೇಳಿದೆ. ಕೆಳಗೆ, ಎಂದ. ಒಂದು ನದಿ ಆಚೆ ಎಲ್ಲೋ ಕಲ್ಲಿನೊಳಗೆ ಇಳಿದು, ಈ ಗುಡ್ಡದ ಅಡಿಯಲ್ಲಿ ಕತ್ತಲಲ್ಲಿ ಹರಿದು, ಸಮುದ್ರದ ಹತ್ತಿರ ಹೊರಗೆ ಬರುತ್ತದಂತೆ. ನಾನು ಬಿಡಲಿಲ್ಲ, ಬೀದರಿನ ಸುರಂಗ ಬಾವಿಯ ಬಗ್ಗೆ ಹೇಳಿದೆ: ಮೇಲೆ ಒಣ ಕೆಂಪು ಕಲ್ಲು, ಕೆಳಗೆ ಬಹಮನಿ ಕಾಲದವರು ತೋಡಿದ ಕಾಲುವೆಯಲ್ಲಿ ನೀರು, ನಾವು ಅದನ್ನು ಮರೆತು ಬಾವಿಯ ಬಾಯಿಗೆ ಎಷ್ಟೋ ಕಾಲ ಕಸ ಸುರಿದೆವು. ಯಾಕೆ ಎಂದ ಮಾರ್ಕೊ. ಮೇಲಿಂದ ಕಾಣುತ್ತಿರಲಿಲ್ಲ ಎಂದೆ.

ಬೆಳಕಿನ ಕಾರ್ಖಾನೆ ಒಂದು ದೊಡ್ಡ ಉಂಗುರದಾಕಾರದ ಕಟ್ಟಡ. ಒಳಗೆ ಎಲೆಕ್ಟ್ರಾನುಗಳು ಸುತ್ತುತ್ತವೆ, ತಿರುವಿನಲ್ಲಿ ಎಕ್ಸ್‌ರೇ ಚೆಲ್ಲುತ್ತವೆ. ಒಂದು ಯಂತ್ರದ ಕೈ ನಮ್ಮ ಹರಳನ್ನು ಡಬ್ಬಿಯಿಂದ ತೆಗೆದು ಬೆಳಕಿಗೆ ಹಿಡಿಯಿತು. ಅದು ತಿರುಗಿದಂತೆ ಪರದೆಯ ಮೇಲೆ ಚುಕ್ಕೆ ಚುಕ್ಕೆ ಮೂಡಿತು. ಆ ಚುಕ್ಕೆಗಳಿಂದ ಕಂಪ್ಯೂಟರು ಪ್ರೋಟೀನಿನ ಚಿತ್ರ ಕಟ್ಟುತ್ತದೆ. ಸುಜಾತಾ ಉಗುರು ಕಚ್ಚುತ್ತ ನಿಂತಿದ್ದಳು.

ಮಧ್ಯಾಹ್ನದ ಹೊತ್ತಿಗೆ ಮೊದಲ ಚಿತ್ರ ಬಂತು. ಬೂದು ಗುಡ್ಡ. ಕುಳಿ. ಕುಳಿಯಲ್ಲಿ ಒಂದು ಹಸಿರು ಮುದ್ದೆ.

"ಹಸಿರು ಅಂದರೆ ನಿಮ್ಮ ಕಂಪ್ಯೂಟರ್ ಮಾದರಿಯಲ್ಲಿ ಇಲ್ಲದ ಏನೋ ಒಂದು ಅಲ್ಲಿದೆ ಅಂತ," ಎಂದ ಮಾರ್ಕೊ.

ನಮ್ಮ ಮಾದರಿಯಲ್ಲಿ ಇಲ್ಲದ್ದು ಎಂದರೆ ನಮ್ಮ ಪುಡಿ ಅಲ್ಲದೆ ಮತ್ತೇನು! ನಾನು ಅವನ ಕೈ ಹಿಡಿದು ಕುಲುಕಿದೆ. ಆತ ಕೈ ಕೊಟ್ಟ, ಅಭಿನಂದನೆ ಹೇಳಲಿಲ್ಲ. ಮೇಜಿನ ಕಬ್ಬಿಣದ ಕಾಲನ್ನು ಮೆಲ್ಲಗೆ ಮುಟ್ಟಿ, "ಇನ್ನೂ ಚೊಕ್ಕಟ ಚಿತ್ರ ಬರಲಿ, ಅಣುವನ್ನು ಅದರೊಳಗೆ ಕಟ್ಟಿ ನೋಡೋಣ. ಅಲ್ಲೀವರೆಗೆ ಕಾಫಿ," ಎಂದ.

ಸುಜಾತಾ ಕಾಫಿಗೆ ಬರಲಿಲ್ಲ. ಹೊರಗಿನ ಓಣಿಯಲ್ಲಿ ಫೋನು ಹಚ್ಚಿದ್ದಳು. ನಮ್ಮ ಮಂದಿಗೆ ಒಳ್ಳೆ ಸುದ್ದಿ ಹೊಟ್ಟೆಯಲ್ಲಿ ಇಟ್ಟುಕೊಂಡು ಗೊತ್ತಿಲ್ಲ, ಅದು ಕೆಡುತ್ತದೆ ಎಂದು ತಿಳಿದವರು ನಾವು.

"ಅಕ್ಕಾ, ಕೂತದ. ಹ್ಞೂಂ, ಕಣ್ಣಿಲೆ ನೋಡ್ದೆ. ಕೂತದ ಅಕ್ಕಾ."

ಯಾವುದೋ ಪಾತ್ರೆ ನೆಲಕ್ಕೆ ಬಿದ್ದ ಸಪ್ಪಳ ಡಾಬಕಾದಿಂದ ಟ್ರಿಯೆಸ್ಟೆಯವರೆಗೆ ಕೇಳಿಸಿತು.

ನಾವು ಒಳಗೆ ಬಂದಾಗ ಚೊಕ್ಕಟ ಚಿತ್ರ ಸಿದ್ಧವಾಗಿತ್ತು. ಹಸಿರು ಮುದ್ದೆ ಒಡೆದಿತ್ತು. ನಾನು ಬೇಯಿಸಿದ ಅಣುವಿಗೆ ಆರು ಮೂಲೆಯ ಎರಡು ಉಂಗುರಗಳಿವೆ, ಒಂದಕ್ಕೊಂದು ಕೂಡಿಕೊಂಡು, ಚಪ್ಪಟೆಯಾಗಿ. ನಿದ್ದೆಗಣ್ಣಿನಲ್ಲೂ ಗುರುತು ಹಿಡಿಯುತ್ತೇನೆ. ಅಲ್ಲಿ ಉಂಗುರ ಇರಲಿಲ್ಲ. ಬೇರೆ ಬೇರೆಯಾಗಿ ಮೂರು ದುಂಡನೆಯ ಮಣಿಗಳು ಇದ್ದವು.

ಮಾರ್ಕೊ ಚಿತ್ರವನ್ನು ಹಿಂದೆಮುಂದೆ ತಿರುಗಿಸಿ ನೋಡಿದ. ಕೊನೆಗೆ ಹೇಳಿದ: "ನೀರು."

ಉಳಿದ ಹರಳುಗಳನ್ನೆಲ್ಲ ಬೆಳಕಿಗೆ ಹಿಡಿದೆವು. ಎಲ್ಲದರಲ್ಲೂ ಅದೇ ಮೂರು ಮಣಿ, ಅದೇ ಜಾಗದಲ್ಲಿ. ಪ್ರೋಟೀನು ಆ ನೀರನ್ನು ಅಷ್ಟು ಬಿಗಿಯಾಗಿ ಹಿಡಿದಿತ್ತು, ನಮ್ಮ ಅಣುವಿಗೆ ಅದನ್ನು ಸರಿಸಿ ಕೂರಲು ಆಗಿರಲಿಲ್ಲ. ಸುಜಾತಾ ತನ್ನ ಹಳೆಯ ಕಡತ ತೆರೆದಳು. ಬೀದರಿನಲ್ಲಿ ಅಳಿಸಿದ ಕೆಂಪು ಚುಕ್ಕೆಗಳನ್ನು ವಾಪಸ್ ತಂದು ಈ ಚಿತ್ರದ ಮೇಲೆ ಇಟ್ಟಳು. ಮೂರು ಕೆಂಪು ಚುಕ್ಕೆ ಮೂರು ಹಸಿರು ಮಣಿಯೊಳಗೆ ಹೋಗಿ ಕೂತವು. ಬೆಳ್ಳಿ ತಂತಿ ಗೀರಿನಲ್ಲಿ ಕೂತಂತೆ.

"ಧೂಳಲ್ರಿ ಸರ್ ಅದು," ಅಂದಳು.

ಸಮುದ್ರದಂಡೆ

ಸಂಜೆ ಸಮುದ್ರದ ದಂಡೆಗೆ ಹೋಗಿ ಕೂತೆವು. ಇಲ್ಲಿನವರು ಆ ಗಾಳಿಯಲ್ಲೂ ಕಲ್ಲಿನ ಮೇಲೆ ಮಲಗಿ ಬಿಸಿಲು ಕಾಯಿಸುತ್ತಾರೆ; ಬಿಸಿಲಿಗೆ ಇಷ್ಟು ಬರಗಾಲ ಇದ್ದರೆ ಔರಾದಿನಿಂದ ಒಂದು ಲಾರಿ ಕಳಿಸಬಹುದಿತ್ತು. ಸುಜಾತಾ ಫೋನು ನೋಡುತ್ತಿದ್ದಳು. ಶಾಂತಾಬಾಯಿ ಫೋಟೋ ಕಳಿಸಿದ್ದಳು. ಡಾಬಕಾದ ಓಣಿ. ಪರಾತದಲ್ಲಿ ಸಕ್ಕರೆ. ಮನೆಮನೆಯ ಹೆಂಗಸರು ಸೆರಗು ಒಡ್ಡಿ ನಿಂತಿದ್ದಾರೆ, ಮಕ್ಕಳು ಬಾಯಿ ತುಂಬಿಕೊಂಡಿವೆ. ನಡುವೆ ಗೌತಮಿ, ಎರಡೂ ಮುಷ್ಟಿ ಬಿಗಿಹಿಡಿದು.

"ಊರಿಗೆಲ್ಲ ಹಂಚ್ಯಾಳ್ರಿ."

"ಫೋನ್ ಮಾಡಿ ಹೇಳಿಬಿಡವ್ವ."

"ಹ್ಯಾಂಗ ಹೇಳ್ಲಿರಿ ಫೋನಿನಾಗ?"

ಬರೆದಳು, ಅಳಿಸಿದಳು. ಮತ್ತೆ ಬರೆದಳು, ಮತ್ತೆ ಅಳಿಸಿದಳು. ಅಳಿಸುವುದನ್ನು ನೋಡಲಾರದೆ ನಾನು ಸಮುದ್ರದ ಕಡೆ ಮುಖ ಮಾಡಿದೆ. ಕೊನೆಗೆ, ಬಂದು ಮಾತಾಡ್ತೇನಿ ಎಂದಷ್ಟೇ ಕಳಿಸಿದಳು.

ಲಿಡಿಯಾ ಬಾಗಿಲು ತೆರೆದವಳು ನಮ್ಮ ಮುಖ ನೋಡಿದಳು. ಮೊಬೈಲು ತೆಗೆಯಲಿಲ್ಲ. ಒಲೆಯ ಮೇಲಿದ್ದ ಸಾರು ಬಿಸಿ ಮಾಡಿ ಬಡಿಸಿದಳು.

ಡಾಬಕಾ

ಔರಾದ ದಾಟಿ ಡಾಬಕಾ ಸೇರುವಾಗ ಆಕಾಶದಲ್ಲಿ ಮೋಡ ಕಟ್ಟಿತ್ತು. ಅದನ್ನು ಕಂಡು ಸಂತೋಷಪಡದ ಇಬ್ಬರು ಆ ರಸ್ತೆಯಲ್ಲಿ ನಾವೇ ಇರಬೇಕು. ಕಟ್ಟೆಯ ಮೇಲಿದ್ದ ಮುದುಕರೊಬ್ಬರು ಎದ್ದು ನಿಂತು ಕೈಮುಗಿದರು. "ಗುಳಿಗಿ ತಂದಿರೇನ್ರಿ ಸಾಹೇಬ್ರ? ನಮ್ಮ ಮೊಮ್ಮಗಗೂ ಎರಡು ಇಟ್ಟಿರ್ರಿ." ನಾನು ಬಹಳ ಘನತೆಯಿಂದ ತಲೆ ಆಡಿಸಿದೆ. ಹೌದು ಎಂದೂ ಇಲ್ಲ ಎಂದೂ ಅರ್ಥವಾಗದ ಹಾಗೆ ತಲೆ ಆಡಿಸುವ ಕಲೆ ನಮ್ಮ ದೇಶಕ್ಕೇ ವಿಶಿಷ್ಟವಾದದ್ದು; ಅದು ಈ ಸಲ ನನ್ನ ಕೈಹಿಡಿಯಿತು, ಮತ್ತು ನನಗೆ ನಾಚಿಕೆಯೂ ಆಯಿತು.

ಶಾಂತಾಬಾಯಿ ನೀರು ಕೊಟ್ಟಳು. ಚಹಾಕ್ಕೆ ಇಟ್ಟಳು. ತಂಗಿಯ ಮುಖವನ್ನು ಒಂದು ಸಲ ನೋಡಿ ಚಹಾದ ಒಲೆ ಆರಿಸಿದಳು.

"ಕೂಡ್ಲಿಲ್ಲ ಅಕ್ಕಾ."

"ಕೂತದ ಅಂದಿದ್ದಿ."

"ತಪ್ಪು ನೋಡಿದ್ದೆ. ಅಲ್ಲಿ ನೀರಿತ್ತು."

"ನೀರು?"

"ಹ್ಞೂಂ."

"ಬರೇ ನೀರು?" ಶಾಂತಾಬಾಯಿ ನನ್ನ ಕಡೆ ತಿರುಗಿದಳು, ನಾನಾದರೂ ಬೇರೆ ಹೇಳುತ್ತೇನೇನೋ ಎಂದು. "ಇಷ್ಟು ಓದಿದಿ, ನೀರು ಕಾಣ್ಲಿಲ್ಲೇನ ನಿನಗ?"

"ಕಂಡಿತ್ತಕ್ಕಾ. ನಾನೇ ಅಳಿಸಿದ್ದೆ."

ಗೌತಮಿ ಬಂದು ಚಿಕ್ಕಮ್ಮನ ಚೀಲಕ್ಕೆ ಕೈ ಹಾಕಿದಳು, ಏನು ತಂದಿದ್ದಾರೆ ಎಂದು. ಲಿಡಿಯಾ ಕೊಟ್ಟ ಬಿಸ್ಕತ್ತಿನ ಡಬ್ಬಿ ಸಿಕ್ಕಿತು. ಅದನ್ನು ಹಿಡಿದು ಹೊರಗೆ ಓಡಿದಳು.

"ಊರಿಗೆಲ್ಲ ಸಕ್ಕರಿ ಹಂಚೀನಿ," ಅಂದಳು ಶಾಂತಾಬಾಯಿ, ದನಿ ಏರಿಸದೆ. "ಮಂದಿ ತಿಂದಾರ. ಈಗ ಯಾವ ಬಾಯಿಲೆ ವಾಪಸ್ ಕೇಳ್ಲಿ?"

ಸುಜಾತಾ ಎದ್ದಳು. "ನೀ ಕೇಳಬ್ಯಾಡ. ನಾ ಹೋಗ್ತೇನಿ."

ಸಕ್ಕರೆ ಹೋದ ಮನೆಗಳಿಗೆಲ್ಲ ಹೋದಳು. ನಾನು ಹಿಂದೆ ಹೋದೆ, ಪುಡಿ ಬೇಯಿಸಿದವನು ನಾನಲ್ಲವೇ. ಪ್ರತಿ ಬಾಗಿಲಲ್ಲಿ ನಿಂತು, ಔಷಧ ಆಗಲಿಲ್ಲ, ನಂದೇ ತಪ್ಪು ಅನ್ನುವಳು. ಆಮೇಲೆ ಒಳಗೆ ಹೋಗಿ ಗೋಡೆ ನೋಡುವಳು, ಎಲ್ಲಿ ಬಿರುಕು ಇದೆ ಎಂದು ಕೈಯಿಂದ ಸವರಿ ತೋರಿಸುವಳು. ಕೆಲವರು ಕೂರಲು ಹೇಳಿದರು. ಒಬ್ಬಾಕೆ, ಮತ್ತ ಅವತ್ತು ಸಕ್ಕರಿ ಯಾಕ ಕೊಟ್ರಿ ಅಂದಳು. ಕಟ್ಟೆಯ ಮೇಲಿನ ಮುದುಕರು ಎಲ್ಲ ಕೇಳಿಸಿಕೊಂಡು, "ಇರ್ಲಿ ಬಿಡವಾ," ಅಂದರು, ಆಮೇಲೆ ಮೊಮ್ಮಗನನ್ನು ಹತ್ತಿರ ಕರೆದುಕೊಂಡರು.

ನಾವು ವಾಪಸ್ ಬಂದಾಗ ಶಾಂತಾಬಾಯಿ ಸೀರೆ ಎತ್ತಿ ಕಟ್ಟಿ, ಗೋಡೆಯ ಬಿರುಕು ಮುಚ್ಚುವ ಗಿಲಾವಿಗೆ ಸಿಮೆಂಟು ಕಲಸುತ್ತಿದ್ದಳು. ಸುಜಾತಾ ಅವಳ ಪಕ್ಕ ಕೂತು ಕೈ ಹಾಕಿದಳು. ಆನಂದ ಮಲಗುತ್ತಿದ್ದ ಮೂಲೆಯಿಂದ ಶುರು ಮಾಡಿದರು. ನಾನು ಬಕೀಟು ಎತ್ತಿಕೊಟ್ಟೆ.

ಆ ಮನೆಯ ಗೋಡೆಗಳಿಗೆಲ್ಲ ಮಿರಗ ಕೂಡುವ ಮೊದಲು ಗಿಲಾವು ಆಯಿತು. ಸುಜಾತಾ ಈಗ ಆ ಮೂರು ನೀರಿನ ಅಣುಗಳನ್ನು ಇಟ್ಟುಕೊಂಡೇ ಹೊಸ ಲೆಕ್ಕ ಹಾಕುತ್ತಿದ್ದಾಳೆ. ನಾವು ಟ್ರಿಯೆಸ್ಟೆಗೆ ಒಯ್ದ ಅಣು ಆ ಪ್ರೋಟೀನಿಗೆ ಅಂಟುವುದಿಲ್ಲ. ಆ ಜ್ವರಕ್ಕೆ ಔಷಧ ಇಲ್ಲ.